‘ಈ ಗ್ಯಾಪ್ ಯಾಕೆ?’ ಅಂತ ಕೇಳಿದಾಗ ನಾನು ಹೇಳಿದ ಸುಳ್ಳು

ಕಳೆದ ಭಾನುವಾರ ರಾತ್ರಿ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಮಂಗಳವಾರ ಅವಳಿಗೆ ಇಂಟರ್‌ವ್ಯೂ. ಬೆಂಗಳೂರಿನ ಒಂದು ಕಂಪನಿ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ನಾನು ಮಾಡುವಂಥದ್ದೇ. ಹುಡುಗಿ ಚುರುಕು. ಡೇಟಾಬೇಸ್‌ನಿಂದ ಮಾಹಿತಿ ತೆಗೆಯೋ ಭಾಷೆ ಎಸ್‌ಕ್ಯೂಎಲ್ ಚೆನ್ನಾಗಿ ಕಲಿತಿದ್ದಾಳೆ, ಟೆಸ್ಟ್ ಕೇಸ್ (ಏನು ಮಾಡಿದರೆ ಏನಾಗಬೇಕು ಅನ್ನೋ ಪರೀಕ್ಷೆಯ ವಿವರ) ಬರೆಯೋಕೆ ಕೊಟ್ಟರೆ ಅಚ್ಚುಕಟ್ಟಾಗಿ ಬರೆಯುತ್ತಾಳೆ. ಅವಳ ನಿದ್ದೆ ಕೆಡಿಸಿದ್ದು ಒಂದೇ ಒಂದು ಪ್ರಶ್ನೆ.

‘ಅಕ್ಕಾ, ಗ್ಯಾಪ್ ಬಗ್ಗೆ ಕೇಳಿದ್ರೆ ಏನು ಹೇಳ್ಲಿ?’

ಗ್ಯಾಪ್ ಅಂದರೆ ರೆಸ್ಯೂಮೆಯಲ್ಲಿ ಕೆಲಸವಿಲ್ಲದೆ ಖಾಲಿ ಉಳಿದ ಕಾಲ. ಡಿಗ್ರಿ ಮುಗಿಸಿ ಪಿಎಸ್‌ಐ ಆಗಬೇಕು ಅಂತ ಹೊರಟವಳು ಅವಳು. 545 ಹುದ್ದೆಗಳ ಆ ಪರೀಕ್ಷೆ ನಿಮಗೂ ನೆನಪಿರಬಹುದು. 2021ರ ಅಕ್ಟೋಬರ್‌ನಲ್ಲಿ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ನಾಲ್ಕು ಜನ ಸೇರಿ ಒಂದು ರೂಮು ಮಾಡಿಕೊಂಡು, ಬೆಳಿಗ್ಗೆ ಲೈಬ್ರರಿಯಲ್ಲಿ ಸೀಟು ಹಿಡಿದು, ಇವತ್ತು ದಿನಾಂಕ ಬರುತ್ತೆ ನಾಳೆ ಬರುತ್ತೆ ಅಂತ ಕಾದ ಎಷ್ಟೋ ಹುಡುಗ ಹುಡುಗಿಯರು ಆ ವರ್ಷಗಳನ್ನು ಹಾಗೇ ಕಳೆದರು. ಅವರಲ್ಲಿ ಇವಳೂ ಒಬ್ಬಳು. ಮರುಪರೀಕ್ಷೆಯನ್ನೂ ಬರೆದಳು. ಆಗಲಿಲ್ಲ.

ಈಗ ಯಾರೋ ಗೆಳತಿ ಅವಳಿಗೆ ಒಂದು ದಾರಿ ಹೇಳಿಕೊಟ್ಟಿದ್ದಾಳೆ. ದುಡ್ಡು ಕೊಟ್ಟರೆ ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಕೊಡೋ ಜನ ಇದ್ದಾರಂತೆ. ಸಂಬಳದ ಚೀಟಿಯನ್ನೂ ಕೊಡುತ್ತಾರಂತೆ. ‘ಎಲ್ಲರೂ ಹಾಕ್ತಾರೆ ಅಕ್ಕಾ’ ಅಂದಳು.

ಬೇಡ ಅಂದೆ. ಜೋರಾಗೇ ಅಂದೆ. ಆಮೇಲೆ ಅವಳಿಗೆ ಹೇಳಿದ್ದನ್ನೆಲ್ಲ ಇಲ್ಲೂ ಬರೆದಿಡೋಣ ಅನ್ನಿಸಿತು. ನಾನೂ ಒಂದು ಕಾಲದಲ್ಲಿ ಆ ಕುರ್ಚಿಯಲ್ಲಿ ಕೂತು ಸುಳ್ಳು ಹೇಳಿದವಳು. ಈಗ ಆರು ವರ್ಷದಿಂದ ಮೇಜಿನ ಈಚೆ ಕಡೆ ಕೂತು ಜನರನ್ನು ಆರಿಸುತ್ತಿದ್ದೇನೆ. ಎರಡೂ ಕಡೆಯಿಂದ ನೋಡಿದ್ದರಿಂದ ಒಂದೆರಡು ವಿಷಯ ಗೊತ್ತಾಗಿದೆ.

ನಮ್ಮೂರು ತಿಪಟೂರಿನ ಹತ್ತಿರ. ತೆಂಗಿನ ತೋಟ. 2016ರಲ್ಲಿ ಅಪ್ಪ ಮರದಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಾನು ಆಗ ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ತಮ್ಮ ಇನ್ನೂ ಪಿಯುಸಿ. ಅಮ್ಮನಿಗೆ ಅಪ್ಪನನ್ನು ನೋಡಿಕೊಳ್ಳುವುದರಲ್ಲೇ ದಿನ ಮುಗಿಯುತ್ತಿತ್ತು. ರಾಜೀನಾಮೆ ಕೊಟ್ಟು ಊರಿಗೆ ಬಂದೆ. 14 ತಿಂಗಳು ಅಲ್ಲೇ ಇದ್ದೆ. ಕಾಯಿ ಕೀಳಿಸೋದು, ಆಳುಗಳ ಲೆಕ್ಕ, ಆಸ್ಪತ್ರೆಯ ಬಿಲ್ಲು, ಬ್ಯಾಂಕಿನ ಸಾಲ, ಕೊಬ್ಬರಿ ಮಾರೋದು, ಎಲ್ಲ ನನ್ನ ಮೇಲೇ ಬಿತ್ತು. ಅಪ್ಪ ಕೋಲು ಹಿಡಿದು ಓಡಾಡುವ ಹಾಗಾದ ಮೇಲೆ ಮತ್ತೆ ಕೆಲಸ ಹುಡುಕಲು ಹೊರಟೆ.

ಮೊದಲ ಇಂಟರ್‌ವ್ಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬೆಳಿಗ್ಗೆ ರೈಲಿಗೆ ಬಂದು, ಮೆಜೆಸ್ಟಿಕ್‌ನಿಂದ ಬಸ್ಸು ಹಿಡಿದು, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮುಕ್ಕಾಲು ಗಂಟೆ ನಿಂತಲ್ಲೇ ನಿಂತು, ದಾರಿಯುದ್ದಕ್ಕೂ ಆ ಸುಳ್ಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಳಗೆ ಇಬ್ಬರು ಕೂತಿದ್ದರು. ಒಬ್ಬರು ನನ್ನ ರೆಸ್ಯೂಮೆ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದರು. ಅಲ್ಲೇ ನೋಡುತ್ತಾ ಕೇಳಿದರು, ‘ಈ ಗ್ಯಾಪ್ ಯಾಕೆ?’

‘ಫ್ರೀಲಾನ್ಸ್ ಮಾಡ್ತಿದ್ದೆ ಸರ್. ಟೆಸ್ಟಿಂಗ್ ಪ್ರಾಜೆಕ್ಟ್ಸ್.’

‘ಒಳ್ಳೇದು. ಯಾವ ಥರದ ಆ್ಯಪ್?’

‘ಇ-ಕಾಮರ್ಸ್ ಸರ್.’

‘ಪೇಮೆಂಟ್ ಗೇಟ್‌ವೇ ಯಾವುದು ಇತ್ತು?’

ಒಂದು ಹೆಸರು ಹೇಳಿದೆ. ಅವರು ಅದರ ಮೇಲೆ ಇನ್ನೊಂದು ಕೇಳಿದರು. ನಾನು ಇನ್ನೊಂದು ಸುಳ್ಳು ಹುಟ್ಟಿಸಿದೆ. ಆಮೇಲೆ ಅವರು ತುಂಬಾ ಮೆತ್ತಗೆ, ಗದರದೆ, ‘ಬಿಲ್ ಹೇಗೆ ಕಳಿಸ್ತಿದ್ರಿ? ಟಿಡಿಎಸ್ ಕಟ್ ಮಾಡ್ತಿದ್ರಾ?’ ಅಂತ ಕೇಳಿದರು. ಟಿಡಿಎಸ್ ಅಂದರೆ ದುಡ್ಡು ಕೊಡುವವರು ಮೊದಲೇ ಹಿಡಿದುಕೊಳ್ಳುವ ತೆರಿಗೆ. ನನಗೆ ಉತ್ತರ ಗೊತ್ತಿರಲಿಲ್ಲ. ಫ್ರೀಲಾನ್ಸ್ ಮಾಡಿದ ಯಾರಿಗಾದರೂ ಅದು ನಿದ್ದೆಯಲ್ಲೂ ಗೊತ್ತಿರುವ ಉತ್ತರ. ಅವರು ಪೆನ್ನಿನ ಮುಚ್ಚಳ ಹಾಕಿದರು. ‘ಓಕೆ, ವಿಲ್ ಗೆಟ್ ಬ್ಯಾಕ್’ ಅಂದರು. ಆ ಮುಚ್ಚಳದ ಟಕ್ ಅನ್ನೋ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಸಿಟ್ಟು ಬಂದಿದ್ದು ಅವರ ಮೇಲಲ್ಲ. 14 ತಿಂಗಳು ನಾನು ಮೈಮುರಿದು ದುಡಿದಿದ್ದೆ. ಅಷ್ಟು ದುಡಿದಿದ್ದನ್ನು ಬಚ್ಚಿಟ್ಟು, ಮಾಡದೇ ಇದ್ದ ಕೆಲಸವನ್ನು ಹೇಳಿಕೊಂಡು ಬಂದಿದ್ದೆ. ಅದು ನನ್ನ ಅಪ್ಪ ಅಮ್ಮನಿಗೂ ಮಾಡಿದ ಅವಮಾನ ಅನ್ನಿಸಿ ಕಣ್ಣು ತುಂಬಿ ಬಂತು.

ಮೂರು ವಾರದ ನಂತರ ಇನ್ನೊಂದು ಕಡೆ, ಮಾನ್ಯತಾ ಟೆಕ್ ಪಾರ್ಕ್ ಹತ್ತಿರ. ಅದೇ ಪ್ರಶ್ನೆ ಬಂತು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ‘ಅಪ್ಪ ಮರದಿಂದ ಬಿದ್ದರು. 14 ತಿಂಗಳು ತೋಟ, ಮನೆ ನಾನೇ ನಡೆಸಿದೆ. ಈಗ ಅವರು ಓಡಾಡ್ತಾರೆ, ತೋಟಕ್ಕೆ ಒಬ್ಬರನ್ನು ಗೊತ್ತು ಮಾಡಿದ್ದೇವೆ. ಕೊನೆಯ ನಾಲ್ಕು ತಿಂಗಳು ರಾತ್ರಿ ಹೊತ್ತು ಸೆಲೆನಿಯಂ ಅನ್ನೋ ಟೆಸ್ಟಿಂಗ್ ಟೂಲ್ ಕಲಿತೆ, ಮಾಡಿದ ಪ್ರೋಗ್ರಾಂಗಳು ಲ್ಯಾಪ್‌ಟಾಪ್‌ನಲ್ಲಿವೆ, ತೋರಿಸಬಲ್ಲೆ.’ ಅಷ್ಟೇ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಬಾಯಿ ಮುಚ್ಚಿಕೊಂಡು ಕೂತೆ.

ಎದುರಿಗಿದ್ದವರು ಕೇಳಿದ್ದು ನಾನು ಕನಸಲ್ಲೂ ಅಂದುಕೊಳ್ಳದ ಪ್ರಶ್ನೆ. ‘ತಿಪಟೂರು ಅಂದ್ರೆ ಉಂಡೆ ಕೊಬ್ಬರಿ ಅಲ್ವಾ? ಅದು ಆಗಿದೆ ಅಂತ ಹೆಂಗೆ ಗೊತ್ತಾಗುತ್ತೆ? ಕಾಯಿ ಒಡೆದು ನೋಡೋ ಹಂಗಿಲ್ಲವಲ್ಲ.’

ನಮ್ಮ ಕಡೆ ಬಲಿತ ಕಾಯಿಯನ್ನು ಅಟ್ಟದ ಮೇಲೆ ಹರಡಿ ಹತ್ತಿರ ಹತ್ತಿರ ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಆಗದೇ ಇರುವ ಕಾಯಿ ಮುಗುಮ್ಮಾಗಿರುತ್ತದೆ, ಇಲ್ಲ ನೀರು ಕುಲುಕುತ್ತದೆ. ಅದನ್ನು ಹೇಳಿದೆ. ‘ಅಷ್ಟೂ ಕಾಯಿ ಅಲ್ಲಾಡಿಸ್ತೀರಾ?’ ಅಂದರು. ಇಲ್ಲ, ಅಟ್ಟದ ನಾಲ್ಕು ಮೂಲೆಯಿಂದ, ನಡುವಿನಿಂದ, ಗೋಡೆ ಬದಿಯ ತಣ್ಣನೆ ಜಾಗದಿಂದ ಐದೈದು ತೆಗೆದು ನೋಡ್ತೀವಿ, ಗೋಡೆ ಬದಿಯದ್ದು ಯಾವಾಗಲೂ ತಡ, ಅದರಲ್ಲಿ ಎರಡು ಮಾತಾಡದಿದ್ದರೂ ಆ ಕಡೆಯ ರಾಶಿ ಮುಟ್ಟೋದಿಲ್ಲ ಅಂದೆ. ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು, ನಾನು ಹೇಳುತ್ತಿರೋದು ಟೆಸ್ಟಿಂಗ್ ಬಗ್ಗೆಯೇ. ಎಲ್ಲವನ್ನೂ ನೋಡಲು ಆಗದಿದ್ದಾಗ ಎಲ್ಲಿ ತಪ್ಪಿರೋ ಸಾಧ್ಯತೆ ಜಾಸ್ತಿಯೋ ಅಲ್ಲಿ ನೋಡು ಅನ್ನೋದು ನಮ್ಮ ಕೆಲಸದ ಮೊದಲ ಪಾಠ. ಅವರಿಗೂ ಅದು ಹೊಳೆದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆ ಕೆಲಸ ನನಗೆ ಸಿಕ್ಕಿತು.

ನಿಜ ಹೇಳಿದರೆ ಎಲ್ಲರಿಗೂ ಕೆಲಸ ಸಿಗುತ್ತೆ ಅಂತ ನಾನು ಹೇಳುತ್ತಿಲ್ಲ. ನಿಜ ಹೇಳಿಯೂ ಎರಡು ಕಡೆ ನನಗೆ ಆಗಲಿಲ್ಲ. ಆದರೆ ಅಲ್ಲಿಂದ ಹೊರಗೆ ಬರುವಾಗ ಆ ಮೊದಲ ದಿನದ ಹಾಗೆ ನಾಚಿಕೆ ಆಗಿರಲಿಲ್ಲ, ಮರುದಿನ ಇನ್ನೊಂದು ಕಡೆ ಹೋಗುವ ಧೈರ್ಯ ಇತ್ತು.

ಮೇಜಿನ ಈಚೆ ಬಂದ ಮೇಲೆ ಗೊತ್ತಾದ ವಿಷಯ ಇದು. ಕಷ್ಟದ ಪ್ರಶ್ನೆ ಕೇಳುವವರಿಗೂ ಒಂದು ಹೆದರಿಕೆ ಇರುತ್ತದೆ. ಗ್ಯಾಪ್ ಕೇಳುವವನಿಗೆ ಇರೋದು ‘ಇವಳು ಕೆಲಸ ಮರೆತಿದ್ದಾಳಾ, ಮತ್ತೆ ಮೂರು ತಿಂಗಳಿಗೆ ಬಿಟ್ಟು ಹೋಗ್ತಾಳಾ’ ಅನ್ನೋ ಚಿಂತೆ. ನಿಮ್ಮ ಮನೆಯ ಕಷ್ಟವನ್ನು ಅಳೆಯೋದಕ್ಕೆ ಅವನು ಕೂತಿಲ್ಲ. ಹಾಗಾಗಿ ಆಗಿದ್ದನ್ನು ಎರಡು ಮಾತಲ್ಲಿ ಹೇಳಿ, ಅದು ಮುಗಿದಿದೆ ಅಂತ ಒಂದು ಮಾತು, ಈಗ ಏನು ಕೈಗೆ ಹತ್ತಿದೆ ಅಂತ ಒಂದು ಮಾತು ಹೇಳಿದರೆ ಸಾಕು. ಅದಕ್ಕೂ ಜಾಸ್ತಿ ಹೇಳಲು ಹೋದರೆ ನಮಗೇ ಗಂಟಲು ಕಟ್ಟುತ್ತದೆ.

ನನ್ನ ತಂಗಿಯ ವಿಷಯದಲ್ಲಿ ಆ ಹೆದರಿಕೆ ಬೇರೆ, ಮತ್ತೆ ಸರ್ಕಾರಿ ಪರೀಕ್ಷೆ ಅಂತ ಹೊರಟುಬಿಟ್ಟರೆ ಅನ್ನೋದು. ನಾನು ಅವಳನ್ನು ಕೇಳಿದೆ, ‘ನಾಳೆ ಇನ್ನೊಂದು ನೋಟಿಫಿಕೇಶನ್ ಬಂದ್ರೆ ನೀನು ಏನು ಮಾಡ್ತೀಯ?’ ಸುಮಾರು ಹೊತ್ತು ಸುಮ್ಮನಿದ್ದಳು. ‘ಅರ್ಜಿ ಹಾಕಲ್ಲ ಅಕ್ಕಾ. ಸಾಕಾಗಿದೆ’ ಅಂದಳು. ನಿಜವಾಗಿ ಹಾಗೇ ಅನ್ನಿಸಿದೆಯಾ ಅಂತ ಮತ್ತೆ ಕೇಳಿದೆ. ಹೌದು ಅಂದಳು, ಪುಸ್ತಕಗಳನ್ನೆಲ್ಲ ಹಾಸ್ಟೆಲ್ಲಿನ ಜೂನಿಯರ್ ಒಬ್ಬಳಿಗೆ ಕೊಟ್ಟುಬಿಟ್ಟಿದ್ದಾಳೆ. ‘ಅದನ್ನೇ ಹೇಳು’ ಅಂದೆ. ‘ಪುಸ್ತಕ ಕೊಟ್ಟುಬಿಟ್ಟೆ’ ಅನ್ನೋ ಮಾತು ‘ಐ ಆ್ಯಮ್ ಫುಲ್ಲಿ ಕಮಿಟೆಡ್’ ಅನ್ನೋದಕ್ಕಿಂತ ನೂರು ಪಾಲು ನಂಬಿಕೆ ಹುಟ್ಟಿಸುತ್ತದೆ.

ಆ ಸುಳ್ಳು ಲೆಟರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಇದರಲ್ಲಿ ನಮ್ಮ ಊರುಕಡೆ ಹುಡುಗರು ತುಂಬಾ ಸಿಕ್ಕಿಬೀಳುತ್ತಿದ್ದಾರೆ. ಸಂಬಳದಲ್ಲಿ ಪಿಎಫ್ ಹಿಡಿದರೆ ನಿಮಗೆ ಒಂದು ಯುಎಎನ್ ನಂಬರ್ ಬರುತ್ತದೆ. 12 ಅಂಕಿಯದ್ದು. ಎಷ್ಟು ಕಂಪನಿ ಬದಲಾಯಿಸಿದರೂ ಅದೇ ನಂಬರ್. ಯಾವ ಕಂಪನಿಗೆ ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಅನ್ನೋದು ಅದರ ಸರ್ವಿಸ್ ಹಿಸ್ಟರಿಯಲ್ಲಿ ಇರುತ್ತದೆ. ಆಫರ್ ಕೊಟ್ಟ ಮೇಲೆ ಕಂಪನಿಗಳು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡಿಸುವಾಗ ಇದನ್ನು ನೋಡುತ್ತವೆ, ಹಳೇ ಕಂಪನಿಗೆ ಮೇಲ್ ಕಳಿಸಿ ಕೇಳುತ್ತವೆ, ಸಂಬಳ, ತೆರಿಗೆಯ ಲೆಕ್ಕ ಇರುವ ಫಾರ್ಮ್ 16 ಕೇಳುತ್ತವೆ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಮೇಲೆ ಇದರಲ್ಲಿ ಸಿಕ್ಕಿಬಿದ್ದು, ಒಂದೇ ಮಧ್ಯಾಹ್ನದಲ್ಲಿ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಹೋದ ಹುಡುಗನನ್ನು ನಾನು ನೋಡಿದ್ದೇನೆ. ಕೆಲಸ ಚೆನ್ನಾಗಿ ಮಾಡುತ್ತಿದ್ದ. ಫ್ರೆಶರ್ ಅಂತಲೇ ಬಂದಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿದ್ದ. ಆ ಹುಡುಗ ಲಿಫ್ಟ್ ಹತ್ತಿರ ನಿಂತಿದ್ದ ರೀತಿ ನೆನಪಾದರೆ ಈಗಲೂ ಸಂಕಟ ಆಗುತ್ತೆ.

ಇನ್ನು ‘ಗೊತ್ತಿಲ್ಲ’ ಅನ್ನೋ ಮಾತು. ನಮ್ಮಂಥ ಕನ್ನಡ ಮೀಡಿಯಂನವರಿಗೆ ಇದು ದೊಡ್ಡ ಗಂಡಾಂತರ. ಶಾಲೆಯಲ್ಲಿ ಗೊತ್ತಿಲ್ಲ ಅಂದರೆ ನಿಲ್ಲಿಸುತ್ತಿದ್ದರು, ಬೆತ್ತ ಬೀಳುತ್ತಿತ್ತು. ಹಾಗಾಗಿ ಗೊತ್ತಿಲ್ಲದಿದ್ದರೂ ಏನಾದರೂ ಒಂದು ಹೇಳಿಬಿಡೋದು ನಮಗೆ ರೂಢಿ. ಇಂಟರ್‌ವ್ಯೂನಲ್ಲಿ ಅದು ನಮ್ಮ ಕೈ ಕಚ್ಚುತ್ತದೆ.

ಎರಡು ವರ್ಷದ ಹಿಂದೆ ಹಾವೇರಿ ಕಡೆಯ ಒಬ್ಬ ಹುಡುಗ ಬಂದಿದ್ದ. ಇಂಗ್ಲಿಷ್ ತಡವರಿಸುತ್ತಿತ್ತು. ನಾನು ಕೇಳಿದೆ, ‘ಐಡೆಂಪೊಟೆಂಟ್ ಎಪಿಐ ಅಂದ್ರೆ ಏನು?’ ಎಪಿಐ ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ. ಅವನು ಸ್ವಲ್ಪ ಯೋಚಿಸಿ, ‘ಈ ಪದ ನಾನು ಕೇಳಿಲ್ಲ ಮೇಡಂ. ಅರ್ಥ ಹೇಳಿದ್ರೆ ಪ್ರಯತ್ನ ಮಾಡ್ತೀನಿ’ ಅಂದ. ಅದಕ್ಕೂ ಮುಂಚೆ ಬಂದಿದ್ದ ಮೂರು ಜನ ಇದೇ ಪ್ರಶ್ನೆಗೆ ಏನೇನೋ ಕಟ್ಟಿ ಹೇಳಿದ್ದರು. ನಾನು ಅವನಿಗೆ ಹೇಳಿದೆ, ‘ಯುಪಿಐನಲ್ಲಿ ಅಂಗಡಿಯವನಿಗೆ 200 ರೂಪಾಯಿ ಕಳಿಸ್ತಿದ್ದೀಯ. ನೆಟ್‌ವರ್ಕ್ ಇಲ್ಲ, ಚಕ್ರ ತಿರುಗ್ತಾ ಇದೆ. ನಿನ್ನ ಫೋನು ಅದೇ ರಿಕ್ವೆಸ್ಟ್ ಅನ್ನು ಎರಡನೇ ಸಲ ಕಳಿಸುತ್ತೆ. ಏನಾಗಬೇಕು?’

ಮುಖ ಅರಳಿತು ಅವನದು. ‘ದುಡ್ಡು ಒಂದೇ ಸಲ ಹೋಗಬೇಕು ಮೇಡಂ. ಎರಡೂ ಸಲ ಒಂದೇ ಟ್ರಾನ್ಸಾಕ್ಷನ್ ನಂಬರ್ ಇದ್ರೆ ಆ ಕಡೆಯವರಿಗೆ ಗೊತ್ತಾಗುತ್ತೆ, ಇದು ಹಳೇದೇ ಅಂತ. ನಾನು ಟೆಸ್ಟ್ ಮಾಡೋದಾದ್ರೆ ಒಂದೇ ನಂಬರ್ ಹಾಕಿ ಎರಡು ಸಲ ಕಳಿಸ್ತೀನಿ, ಆಮೇಲೆ ಬ್ಯಾಲೆನ್ಸ್ ನೋಡ್ತೀನಿ. ಆಮೇಲೆ ಎರಡನ್ನೂ ಒಟ್ಟಿಗೇ ಕಳಿಸಿ ನೋಡ್ತೀನಿ, ಅಲ್ಲಿ ಗೊಂದಲ ಆಗಬಹುದು.’ ಕೊನೆಯದನ್ನು ನಾನು ಕೇಳಿಯೂ ಇರಲಿಲ್ಲ. ಅನುಭವ ಇರೋರೂ ಅದನ್ನು ಮರೆಯುತ್ತಾರೆ. ಒಂದೇ ರಿಕ್ವೆಸ್ಟ್ ಎಷ್ಟು ಸಲ ಬಂದರೂ ಒಂದೇ ಸಲ ಬಂದ ಹಾಗೆ ನಡೆಯೋದನ್ನೇ ಐಡೆಂಪೊಟೆಂಟ್ ಅನ್ನೋದು. ಪದ ಗೊತ್ತಿಲ್ಲದೆ ವಿಷಯ ಗೊತ್ತಿದ್ದ ಹುಡುಗ ಅವನು. ಗೊತ್ತಿದೆ ಅಂತ ನಟಿಸಿದ್ದರೆ ನಾನು ಆ ಉದಾಹರಣೆ ಕೊಡುತ್ತಲೇ ಇರಲಿಲ್ಲ, ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಿದ್ದೆ. ಇವತ್ತು ಅವನು ನನ್ನ ಟೀಮಿನಲ್ಲಿದ್ದಾನೆ.

ಹಾಗಾಗಿ ‘ಗೊತ್ತಿಲ್ಲ’ ಅಂತ ಹೇಳಿ, ಆದರೆ ಅಲ್ಲಿಗೇ ಬಿಡಬೇಡಿ. ಅರ್ಥ ಕೇಳಿ. ಗೊತ್ತಿರುವ ಹತ್ತಿರದ ವಿಷಯ ಹೇಳಿ. ಇಂಗ್ಲಿಷ್‌ನಲ್ಲಿ ಬೇಗ ಬರದಿದ್ದರೆ ಒಂದು ನಿಮಿಷ ಕೊಡಿ ಅಂತ ಕೇಳಿ, ಯಾರೂ ಬೇಡ ಅನ್ನೋದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ಮೊದಲು ಕನ್ನಡದಲ್ಲೇ ಉತ್ತರ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಕನ್ನಡದಲ್ಲೇ ಉತ್ತರ ತಿರುಚಿಕೊಂಡಿದ್ದರೆ ಇಂಗ್ಲಿಷ್‌ನಲ್ಲಿ ನೇರವಾಗೋದು ಹೇಗೆ? ಕನ್ನಡದಲ್ಲಿ ಸರಿಯಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಕ್ಕೆ ತನ್ನಿ. ಉದ್ದದ ವಾಕ್ಯ ಬೇಡ, ಉದ್ದ ಹೋದಷ್ಟೂ ಕೊನೆಯ ಕ್ರಿಯಾಪದ ಕೈಕೊಡುತ್ತದೆ.

‘ಹಳೇ ಕಂಪನಿ ಯಾಕೆ ಬಿಟ್ರಿ?’ ಇದಕ್ಕೆ ನಾನು ನಮ್ಮ ಟೆಸ್ಟಿಂಗ್‌ನವರಿಗೆ ಹೇಳೋದು, ಬಗ್ ರಿಪೋರ್ಟ್, ಅಂದರೆ ಆ್ಯಪ್‌ನಲ್ಲಿ ಸಿಕ್ಕ ತಪ್ಪಿನ ವರದಿ, ಬರೆಯೋ ಹಾಗೆ ಹೇಳಿ ಅಂತ. ‘ಈ ಆ್ಯಪ್ ದರಿದ್ರವಾಗಿದೆ’ ಅಂತ ಯಾರೂ ಬಗ್ ಬರೆಯೋದಿಲ್ಲ. ಯಾವ ಪೇಜು, ಏನು ಒತ್ತಿದೆ, ಏನಾಗಬೇಕಿತ್ತು, ಏನಾಯಿತು, ಅಷ್ಟೇ. ನನ್ನ ಒಂದು ಹಳೇ ಕಡೆ ಸತತ ಎರಡು ತಿಂಗಳು ಸಂಬಳ ಆಗಲಿಲ್ಲ. ಮುಂದಿನ ಇಂಟರ್‌ವ್ಯೂನಲ್ಲಿ ಅದರ ಬಗ್ಗೆ ಹತ್ತು ನಿಮಿಷ ಗೋಳು ಹೇಳಿಕೊಳ್ಳುವಷ್ಟು ಸಿಟ್ಟಿತ್ತು. ಹೇಳಿದ್ದು ಇಷ್ಟು: ‘ಎರಡು ತಿಂಗಳು ಸಂಬಳ ತಡವಾಯಿತು. ಎಚ್‌ಆರ್‌ಗೆ ಎರಡು ಸಲ ಬರೆದೆ, ದಿನಾಂಕ ಸಿಗಲಿಲ್ಲ. ಕೈಯಲ್ಲಿದ್ದ ರಿಲೀಸ್ ಮುಗಿಸಿಕೊಟ್ಟು ಬಿಟ್ಟೆ.’ ರಿಲೀಸ್ ಅಂದರೆ ಆ್ಯಪ್‌ನ ಹೊಸ ಆವೃತ್ತಿ ಹೊರಗೆ ಬಿಡೋದು. ಆ ಮೂರನೇ ವಾಕ್ಯ ಮುಖ್ಯ. ಸಿಟ್ಟು ಬಂದಾಗ ನೀವು ಹೇಗೆ ನಡೆದುಕೊಳ್ಳುತ್ತೀರಿ ಅನ್ನೋದು ಅದರಲ್ಲಿದೆ. ಮ್ಯಾನೇಜರ್ ಜೊತೆ ಆಗಲಿಲ್ಲ ಅಂದರೂ ಹಾಗೇ. ಅವರು ಕೆಟ್ಟವರು ಅನ್ನೋ ಬದಲು ಏನು ನಡೆಯಿತು ಅಂತ ಹೇಳಿ.

ನಿಮ್ಮ ದೌರ್ಬಲ್ಯ ಏನು ಅನ್ನೋ ಪ್ರಶ್ನೆ ನನಗೆ ಇಷ್ಟವೇ ಇಲ್ಲ, ನಾನು ಕೇಳೋದೂ ಇಲ್ಲ. ಕೇಳಿದರೆ ‘ನಾನು ಪರ್ಫೆಕ್ಷನಿಸ್ಟ್’ ಅಂತ ಮಾತ್ರ ಹೇಳಬೇಡಿ. ಒಂದು ಸಣ್ಣ ನಿಜ, ಅದಕ್ಕೆ ಏನು ಮಾಡುತ್ತಿದ್ದೀರಿ, ಮುಗೀತು.

ಸಂಬಳದ ಪ್ರಶ್ನೆಗೆ ಬರೋಣ, ಇದರಲ್ಲಿ ತುಂಬಾ ಜನ ನಷ್ಟ ಮಾಡಿಕೊಳ್ಳುತ್ತಾರೆ. ‘ಎಷ್ಟು ನಿರೀಕ್ಷೆ ಮಾಡ್ತೀರಿ?’ ಅಂದ ಕೂಡಲೇ ನಾವು ‘ಕಂಪನಿ ರೂಲ್ಸ್ ಪ್ರಕಾರ ಕೊಡಿ ಸರ್’ ಅಂದುಬಿಡುತ್ತೇವೆ. ದುಡ್ಡಿನ ಮಾತು ಆಡೋದು ನಮಗೆ ಸಂಕೋಚ. ಕೊಬ್ಬರಿ ಮಾರುವಾಗ ನಮ್ಮಪ್ಪ ಹಾಗೆ ಅಂದಿದ್ದರೆ ಮನೆ ನಡೆಯುತ್ತಿರಲಿಲ್ಲ. ಮಂಡಿಗೆ ಹೋಗುವ ಮುಂಚೆ ಅವರು ಇವತ್ತಿನ ರೇಟು ಏನು ಅಂತ ನಾಲ್ಕು ಜನರನ್ನು ಕೇಳಿಕೊಂಡೇ ಹೋಗುತ್ತಿದ್ದರು. ನೀವೂ ಕೇಳಿಕೊಂಡು ಹೋಗಿ. ಇಷ್ಟರಿಂದ ಇಷ್ಟರೊಳಗೆ ಅಂತ ಹೇಳಿ, ಕೆಳಗಿನ ಅಂಕಿ ನಿಮಗೆ ನಿಜಕ್ಕೂ ಒಪ್ಪಿಗೆ ಆಗುವಂತಿರಲಿ. ಅವರು ಹಿಡಿಯೋದು ಕೆಳಗಿನದ್ದನ್ನೇ.

ಸಿಟಿಸಿ ಅಂದರೆ ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳ ಅಲ್ಲ ಅನ್ನೋದು ಗೊತ್ತಿರಲಿ. 6 ಲಕ್ಷ ಅಂದ ತಕ್ಷಣ ತಿಂಗಳಿಗೆ 50 ಸಾವಿರ ಅಂತ ಲೆಕ್ಕ ಹಾಕಿ ಪಿಜಿ ನೋಡೋಕೆ ಹೋಗುತ್ತಾರೆ ಹುಡುಗರು. ಒಂದು ಉದಾಹರಣೆ ಹಿಡಿಯಿರಿ. ಬೇಸಿಕ್ ಅರ್ಧ, ಅಂದರೆ ವರ್ಷಕ್ಕೆ 3 ಲಕ್ಷ. ವೇರಿಯಬಲ್ ಪೇ ಅಂತ 60 ಸಾವಿರ ಎತ್ತಿಟ್ಟಿರುತ್ತಾರೆ, ಅದು ವರ್ಷದ ಕೊನೆಗೆ, ಪೂರ್ತಿ ಬಂದರೆ ಬಂತು. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ ಶೇ 12, ಅಂದರೆ 36 ಸಾವಿರ, ಅದೂ ಸಿಟಿಸಿಯಲ್ಲೇ ಸೇರಿರುತ್ತದೆ. ಗ್ರ್ಯಾಚುಟಿ ಅಂತ ಶೇ 4.81, ಅದು 14,430. ಇವನ್ನೆಲ್ಲ ಕಳೆದರೆ ತಿಂಗಳಿಗೆ ಸುಮಾರು 40,800. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200. ಕೈಗೆ ಬರೋದು 37,600ರ ಆಸುಪಾಸು. ಇನ್ಶೂರೆನ್ಸ್ ಕಂತೂ ಸಿಟಿಸಿಯಲ್ಲಿ ಸೇರಿಸಿದ್ದರೆ ಇನ್ನೂ ಕಡಿಮೆ. ಹಾಗಾಗಿ ‘ಇದರಲ್ಲಿ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು?’ ಅಂತ ಕೇಳೋದು ಉದ್ಧಟತನ ಅಲ್ಲ. ನನ್ನನ್ನು ಹಾಗೆ ಕೇಳಿದವರ ಬಗ್ಗೆ ನನಗೆ ಗೌರವವೇ ಬಂದಿದೆ. ಹಳೇ ಸಂಬಳವನ್ನು ಮಾತ್ರ ಹೆಚ್ಚಿಗೆ ಹೇಳಬೇಡಿ. ಮೂರು ತಿಂಗಳ ಪೇ ಸ್ಲಿಪ್ ಕೇಳೇ ಕೇಳುತ್ತಾರೆ.

ಯಾವಾಗ ಸೇರ್ತೀರಿ ಅಂದರೆ ನಿಮ್ಮ ನೋಟಿಸ್ ಪೀರಿಯಡ್ ಎಷ್ಟಿದೆಯೋ ಅಷ್ಟೇ ಹೇಳಿ. 90 ದಿನ ಇದ್ದರೆ 90. ಮುಂಚೆ ಬಿಡಿಸಿಕೊಂಡು ಬರ್ತೀನಿ ಅಂತ ಮಾತು ಕೊಟ್ಟು, ಕೊನೆಗೆ ಹಳೇ ಕಂಪನಿ ಬಿಡುಗಡೆ ಮಾಡಿ ಕೊಡುವ ರಿಲೀವಿಂಗ್ ಲೆಟರ್ ಇಲ್ಲದೆ ಒದ್ದಾಡಿದವರು ಬೇಕಾದಷ್ಟು ಜನ.

ಹೆಣ್ಣುಮಕ್ಕಳಿಗೆ ಮಾತ್ರ ಬರುವ ಒಂದು ಪ್ರಶ್ನೆ ಇದೆ. 2018ರಲ್ಲಿ ಒಂದು ಕಡೆ ಟೆಕ್ನಿಕಲ್ ರೌಂಡ್ ಎಲ್ಲ ಚೆನ್ನಾಗಿ ಆಗಿತ್ತು. ಕೊನೆಯಲ್ಲಿ ಒಬ್ಬರು, ‘ಮದುವೆ ಯಾವಾಗ? ಆಮೇಲೆ ಕಂಟಿನ್ಯೂ ಮಾಡ್ತೀರಾ?’ ಅಂದರು. ನನ್ನ ಜೊತೆ ಬಂದಿದ್ದ ಹುಡುಗರು ಯಾರನ್ನೂ ಇದು ಕೇಳಿರಲಿಲ್ಲ, ಹೊರಗೆ ಬಂದು ವಿಚಾರಿಸಿದೆ. ಇದರ ಹಿಂದೆ ಇರುವ ಹೆದರಿಕೆ ಏನು ಅಂತ ನನಗೆ ಗೊತ್ತು. 2017ರ ತಿದ್ದುಪಡಿ ಆದ ಮೇಲೆ ಹೆರಿಗೆ ರಜೆ 12 ವಾರದಿಂದ 26 ವಾರ ಆಯಿತು, ಆ ಸಂಬಳ ಕೊಡಬೇಕಾದ್ದು ಕಂಪನಿಯೇ. ಲೆಕ್ಕ ಹಾಕುವವರು ಹಾಕುತ್ತಾರೆ. ಆದರೆ ನೇಮಕಾತಿಯಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅಂತ 1976ರಲ್ಲೇ ಕಾನೂನು ಬಂದಿದೆ. ಆ ರಜೆ ಯಾರೂ ಕೊಡುವ ಭಿಕ್ಷೆ ಅಲ್ಲ.

ಆ ದಿನ ನಾನು ಹೇಳಿದ್ದು, ‘ಈ ಕೆಲಸಕ್ಕೆ ರಿಲೀಸ್ ದಿನ ರಾತ್ರಿ ಕೂರಬೇಕು ಅಂತ ಹೇಳಿದ್ರಿ, ಅದು ನನಗೆ ಒಪ್ಪಿಗೆ ಇದೆ. ನನ್ನ ಮನೆಯ ವಿಷಯ ನನಗೆ ಬಿಡಿ ಸರ್.’ ದನಿ ಏರಿಸದೆ, ನೇರವಾಗಿ ಮುಖ ನೋಡಿ ಹೇಳಿದೆ. ಕೆಲಸ ಸಿಗಲಿಲ್ಲ. ಅದಕ್ಕೇ ಸಿಗಲಿಲ್ಲವೋ ಬೇರೆ ಕಾರಣವೋ ನನಗೆ ತಿಳಿಯಲಿಲ್ಲ. ಹೇಳಿದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ. ಮನೆ ಬಾಡಿಗೆ ಕಟ್ಟಬೇಕಾದ ಹುಡುಗಿಯೊಬ್ಬಳು ‘ಸದ್ಯಕ್ಕೆ ಯೋಚನೆ ಇಲ್ಲ’ ಅಂತ ಹೇಳಿ ಮುಂದೆ ಹೋದರೂ ನಾನು ಅವಳನ್ನು ತಪ್ಪು ಅನ್ನುವುದಿಲ್ಲ. ಅಲ್ಲಿ ತಪ್ಪು ಕೇಳಿದವರದು. ಈಗ ನಾನಿರುವ ಪ್ಯಾನೆಲ್‌ನಲ್ಲಿ ಯಾರಾದರೂ ಆ ಪ್ರಶ್ನೆ ಎತ್ತಿದರೆ ನಾನೇ ಅಡ್ಡ ಬಂದು ಬೇರೆ ಪ್ರಶ್ನೆ ಕೇಳುತ್ತೇನೆ. ಎರಡು ಸಲ ಹಾಗೆ ಆಗಿದೆ. ಮೂರನೇ ಸಲ ಕೇಳಿದವರಿಗೆ ಹೊರಗೆ ಕರೆದು ಹೇಳಿದೆ.

ಭಾನುವಾರ ರಾತ್ರಿ ತಂಗಿಯ ಜೊತೆ ಹನ್ನೊಂದೂವರೆವರೆಗೆ ಇದನ್ನೆಲ್ಲ ಮಾತಾಡಿದೆ. ಗ್ಯಾಪ್‌ನ ಉತ್ತರವನ್ನು ಕನ್ನಡದಲ್ಲಿ ಆರು ಸಲ ಹೇಳಿಸಿದೆ. ಮೊದಲ ಸಲ ನಾಲ್ಕು ನಿಮಿಷ ಆಯಿತು, ಪರೀಕ್ಷೆ ರದ್ದಾದದ್ದು, ಪ್ರತಿಭಟನೆಗೆ ಹೋದದ್ದು, ಚಿಕ್ಕಪ್ಪ ಬೈದದ್ದು, ಎಲ್ಲ ಬಂತು, ನಡುವೆ ಅತ್ತಳು. ಅಳಲಿ ಅಂತ ಸುಮ್ನೆ ಇದ್ದೆ. ಇಲ್ಲಿ ಅತ್ತುಬಿಟ್ಟರೆ ಅಲ್ಲಿ ಗಂಟಲು ಕಟ್ಟೋದಿಲ್ಲ. ಆರನೇ ಸಲಕ್ಕೆ ನಲವತ್ತು ಸೆಕೆಂಡಿಗೆ ಬಂದಿತ್ತು. ‘ಪಿಎಸ್‌ಐ ಪರೀಕ್ಷೆಗೆ ಓದಿದೆ. ಪರೀಕ್ಷೆ ರದ್ದಾಗಿ ಮತ್ತೆ ನಡೆಯೋಕೆ ಎರಡು ವರ್ಷ ಹಿಡಿಯಿತು. ಮರುಪರೀಕ್ಷೆ ಬರೆದೆ, ಆಗಲಿಲ್ಲ. ಪುಸ್ತಕ ಎಲ್ಲ ಕೊಟ್ಟುಬಿಟ್ಟೆ. ಆಮೇಲೆ ಟೆಸ್ಟಿಂಗ್ ಕಲಿತೆ, ಒಂದು ಬಸ್ ಬುಕಿಂಗ್ ಆ್ಯಪ್‌ಗೆ 60 ಟೆಸ್ಟ್ ಕೇಸ್ ಬರೆದಿದ್ದೇನೆ, ತಂದಿದ್ದೇನೆ.’

ಮಂಗಳವಾರ ಮಧ್ಯಾಹ್ನ ಫೋನ್ ಬಂತು. ಗ್ಯಾಪ್ ಬಗ್ಗೆ ಕೇಳಿದರಂತೆ. ಇವಳು ಹೇಳಿದಳಂತೆ. ಅವರು ಆ 60ರಲ್ಲಿ ಒಂದನ್ನು ತೆಗೆದು, ಸೀಟು ಬುಕ್ ಆಗುವ ಹೊತ್ತಿಗೆ ಇನ್ನೊಬ್ಬ ಅದೇ ಸೀಟು ಒತ್ತಿದರೆ ಏನಾಗುತ್ತೆ ಅಂತ ಕೇಳಿ, ಅಲ್ಲಿಂದ ಅರ್ಧ ಗಂಟೆ ಅದೇ ಮಾತಾಯಿತಂತೆ. ಗ್ಯಾಪ್ ವಿಷಯ ಮತ್ತೆ ಬರಲೇ ಇಲ್ಲ ಅಕ್ಕಾ ಅಂದಳು.

ಎರಡನೇ ರೌಂಡ್ ಬರುವ ಬುಧವಾರ, ಎಚ್‌ಆರ್ ಜೊತೆ. ನಾಳೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತೀನಿ ಅಂದಿದ್ದಾಳೆ. ಈ ಸಲ ಸಂಬಳದ ಪ್ರಶ್ನೆ ಹೇಳಿಸಬೇಕು.